ವಿಜಯಪುರದಲ್ಲಿ ಒಂಬತ್ತು ತಿಂಗಳ ವಾಸ: ಈ ಊರನ್ನು ಎಲ್ಲಿಂದ ನೋಡಲು ಆರಂಭಿಸಬೇಕು?

ಪ್ರಶ್ನೆ: ತುಂಗಾತೀರದವಳು (ಜುಲೈ ಕೊನೆಯ ವಾರ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಸೀಮೆಯವಳು. ಕಚೇರಿಯವರು ಒಂಬತ್ತು ತಿಂಗಳ ಮಟ್ಟಿಗೆ ನನ್ನನ್ನು ವಿಜಯಪುರಕ್ಕೆ ನಿಯೋಜಿಸಿದ್ದರಿಂದ ಜುಲೈ ಮೊದಲ ವಾರದಲ್ಲಿ ಇಲ್ಲಿಗೆ ಬಂದಿದ್ದೇನೆ. ಬರುವ ಮಾರ್ಚ್ ಕೊನೆಗೆ ಊರಿಗೆ ಮರಳಬೇಕು. ಯಜಮಾನರು ತೋಟ ಬಿಟ್ಟು ಬರುವಂತಿಲ್ಲವಾದ್ದರಿಂದ ನಾಲ್ಕನೆಯ ತರಗತಿಯಲ್ಲಿ ಓದುವ ಮಗ ಮತ್ತು 68 ವರ್ಷದ ನನ್ನ ಅಮ್ಮ ಮಾತ್ರ ಜೊತೆಗಿದ್ದಾರೆ. ಇಬ್ರಾಹಿಂ ರೋಜಾದಿಂದ ನಡೆದು ಹೋಗುವಷ್ಟು ದೂರದ ಓಣಿಯೊಂದರಲ್ಲಿ ಚಿಕ್ಕ ಮನೆ ಬಾಡಿಗೆಗೆ ಸಿಕ್ಕಿದೆ.

ಬಂದ ಎರಡನೆಯ ಭಾನುವಾರವೇ ಗೋಳಗುಮ್ಮಟಕ್ಕೆ ಹೋದೆವು. ಹೊರಟಾಗಲೇ ಹನ್ನೊಂದು ದಾಟಿತ್ತು. ಪಿಸುಗುಟ್ಟುವ ಮೊಗಸಾಲೆಯ ಬಗ್ಗೆ ಪಾಠದಲ್ಲಿ ಓದಿದ್ದ ಮಗ ದಾರಿಯುದ್ದಕ್ಕೂ ತಾನು ಏನು ಪಿಸುಗುಟ್ಟಬೇಕೆಂದು ಲೆಕ್ಕ ಹಾಕುತ್ತಿದ್ದ. ಮೇಲೆ ಹತ್ತಿ ನೋಡಿದರೆ ನೂರಾರು ಜನ ಒಂದೇ ಸಮನೆ ಕೂಗುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು. ಅವನು ಎರಡೂ ಕಿವಿ ಮುಚ್ಚಿಕೊಂಡು ಕೆಳಗೆ ಹೋಗೋಣವೆಂದು ನನ್ನ ಸೆರಗು ಜಗ್ಗಿದ. ಮಂಡಿನೋವಿನ ಅಮ್ಮ ಮೆಟ್ಟಿಲು ಹತ್ತಲಾರದೆ ಹೊರಗಿನ ಹುಲ್ಲುಹಾಸಿನ ಮೇಲೆ ಕುಳಿತೇ ಇದ್ದರು. ಒಂದು ಗಂಟೆಯಲ್ಲಿ ಮನೆಗೆ ಮರಳಿದೆವು. ಅಷ್ಟು ದೊಡ್ಡ ಕಟ್ಟಡವನ್ನು ಅಷ್ಟು ಸಣ್ಣದಾಗಿ ನೋಡಿ ಬಂದೆವಲ್ಲ ಎಂಬ ವ್ಯಥೆ ಇನ್ನೂ ಹೋಗಿಲ್ಲ.

ದಿನನಿತ್ಯದ ಬದುಕಿನಲ್ಲಿಯೂ ಹೊಸತನ ಬಹಳ. ಮಳೆಗಾಲದಲ್ಲಿ ಅಂಗಳಕ್ಕೆ ಕಾಲಿಡಲಾಗದಂಥ ಊರಿನಿಂದ ಬಂದ ನಮಗೆ ಇಲ್ಲಿ ಜುಲೈ ತಿಂಗಳಿನಲ್ಲಿ ನೆತ್ತಿಯ ಮೇಲೆ ಬಿಸಿಲು ಬೀಳುವುದೇ ಅಚ್ಚರಿ. ನಲ್ಲಿಯಲ್ಲಿ ನೀರು ದಿನವೂ ಬರುವುದಿಲ್ಲ. ಬಂದ ದಿನ ಇಡೀ ಓಣಿ ಎಚ್ಚರಾಗಿರುತ್ತದೆ. ಊರಿನ ಹೊರಗೆ ಬಸ್ಸಿನಲ್ಲಿ ಹೋದರೆ ಕಣ್ಣು ಹಾಯುವವರೆಗೂ ಕಪ್ಪು ಹೊಲಗಳು. ಮಳೆಗಾಲ ನಡೆದಿದ್ದರೂ ಅವುಗಳಲ್ಲಿ ಎಷ್ಟೋ ಹೊಲಗಳು ಖಾಲಿ ಬಿದ್ದಿವೆ. ಬೇಸಾಯದ ಮನೆಯಲ್ಲಿಯೇ ಹುಟ್ಟಿ ಬೆಳೆದ ಅಮ್ಮ ಅವುಗಳನ್ನು ಕಂಡು, ಇವರಿಗೆ ಬಿತ್ತನೆಗೆ ಏನು ಅಡ್ಡಿಯಾಯಿತೋ ಎಂದು ನಿಜವಾಗಿಯೂ ಮರುಗಿದರು. ಪಕ್ಕದ ಮನೆಯವರು ಕಂಡಾಗಲೆಲ್ಲ "ಒಳಗ ಬರ್ರಿ, ಚಹಾ ಕುಡದು ಹೋಗ್ರಿ" ಎನ್ನುತ್ತಾರೆ; ಅದು ಉಪಚಾರದ ಮಾತೋ, ನಿಜವಾದ ಕರೆಯೋ ತಿಳಿಯದೆ ನಾವು ನಕ್ಕು ಮುಂದೆ ಹೋಗುತ್ತಿದ್ದೇವೆ. ನಾನು ಕಚೇರಿಗೆ, ಮಗ ಶಾಲೆಗೆ ಹೋದ ಮೇಲೆ ಅಮ್ಮ ದಿನವಿಡೀ ಒಬ್ಬರೇ.

ನನಗಿರುವುದು ವಾರಕ್ಕೊಂದು ರಜೆ. ಪಟ್ಟಿ ಹಿಡಿದು ಸ್ಮಾರಕಗಳನ್ನು ಮುಗಿಸುವ ಆಸೆ ನನಗಿಲ್ಲ. ಇಲ್ಲಿ ಇದ್ದಷ್ಟು ದಿನ ಇಲ್ಲಿಯವರಾಗಿ ಬದುಕಬೇಕು, ಹೋಗುವಾಗ ಈ ಊರು ನಮಗೆ ಅರ್ಥವಾಗಿರಬೇಕು. ಎಲ್ಲಿಂದ ಆರಂಭಿಸಲಿ, ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋಗಲಿ, ಮೆಟ್ಟಿಲು ಹತ್ತಲಾರದ ಅಮ್ಮನಿಗೆ ಏನನ್ನು ತೋರಿಸಲಿ, ಅಡುಗೆಮನೆಯಲ್ಲಿ ಏನನ್ನು ಬದಲಿಸಿಕೊಳ್ಳಲಿ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.


ಉತ್ತರ: ನಿವೃತ್ತ ಮಾಸ್ತರ, ವಿಜಯಪುರ

ತಂಗಿ, ನಿಮ್ಮ ಪತ್ರ ಓದಿ ಸಂತೋಷವಾಯಿತು. ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಊರಿನ ಮಕ್ಕಳಿಗೆ ಇತಿಹಾಸ ಕಲಿಸಿದ್ದೇನೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿರಿ.

ಮೊದಲು ಗೋಳಗುಮ್ಮಟದ ಮಾತು. ಅದು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ನಡುವೆ ಒಂದೇ ಒಂದು ಕಂಬವಿಲ್ಲ. ಗೋಡೆಗಳಿಂದ ಮೇಲೆದ್ದ ಕಮಾನುಗಳು ಒಂದನ್ನೊಂದು ಕತ್ತರಿಸಿ ಹೋಗುತ್ತ ಆ ಭಾರವನ್ನೆಲ್ಲ ಹೊತ್ತಿವೆ. ಮೊಗಸಾಲೆಯಲ್ಲಿ ಒಂದು ಬದಿಯ ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ದುಂಡಗಿನ ಗೋಡೆಯನ್ನೇ ಹಿಡಿದು ಸುತ್ತುತ್ತ ಎದುರು ಬದಿಯಲ್ಲಿ ಕುಳಿತವರ ಕಿವಿಗೆ ಮುಟ್ಟುತ್ತದೆ; ಗಟ್ಟಿಯಾಗಿ ಕೂಗಿದ ದನಿ ಮಾತ್ರ ಗುಮ್ಮಟಕ್ಕೆ ಬಡಿದು ಏಳು ಸಲ ಮರಳಿ ಬರುತ್ತದೆಂದು ನಾವು ಹೇಳುತ್ತೇವೆ. ಹೀಗಿರುವುದರಿಂದಲೇ, ನೂರು ಜನ ಕೂಗಿದರೆ ಅಲ್ಲಿ ಪಿಸುಮಾತಿಗೆ ಜಾಗವೇ ಉಳಿಯುವುದಿಲ್ಲ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ, ಅದೂ ಭಾನುವಾರ ಬಿಟ್ಟು ಬೇರೆ ದಿನ, ಕಚೇರಿಗೆ ಒಂದು ಗಂಟೆ ತಡವಾಗಿ ಬರುವುದಾಗಿ ಹೇಳಿ ಹೋಗಿರಿ. ನಿಮ್ಮ ಮಗ ಒಂದು ಬದಿಗೆ, ನೀವು ಎದುರು ಬದಿಗೆ ಕುಳಿತುಕೊಳ್ಳಿರಿ. ತಾಯಿಯವರು ಕೆಳಗೆ ಸಮಾಧಿಯ ಕಟ್ಟೆಯ ಬಳಿ ನಿಂತರೂ ಸಾಕು. ಮೇಲಿನ ದನಿ ಅವರಿಗೂ ಇಳಿದು ಬರುತ್ತದೆ. ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಶಿಲಾಶಾಸನಗಳು, ವೀರಗಲ್ಲುಗಳು, ಚೀನಾದ ಪಿಂಗಾಣಿ ಪಾತ್ರೆಗಳು, ಹಳೆಯ ರತ್ನಗಂಬಳಿಗಳು ಇವೆ. ಕೆಳಗಿನ ಅಂತಸ್ತನ್ನು ಅವರು ನಿಧಾನವಾಗಿ ನೋಡಬಹುದು.

ಇನ್ನು, ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ನೀರಿನಿಂದ ಆರಂಭಿಸಿರಿ. ನೀವು ನಲ್ಲಿಯ ಮಾತು ಬರೆದದ್ದನ್ನು ಓದಿದಾಗಲೇ ನನಗೆ ಹೀಗೆನಿಸಿತು. ನಿಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ 600ರ ಆಸುಪಾಸು. ಇಷ್ಟು ಕಡಿಮೆ ಮಳೆಯ ಬಯಲಿನಲ್ಲಿ ಅಷ್ಟು ದೊಡ್ಡ ರಾಜಧಾನಿ ಹೇಗೆ ಬದುಕಿತೆಂಬುದೇ ಈ ಊರಿನ ನಿಜವಾದ ಕಥೆಯೆಂದು ನಾನು ನಂಬಿದ್ದೇನೆ. ಗುಮ್ಮಟ, ಮಹಲುಗಳೆಲ್ಲ ಆ ಕಥೆಯ ಮೇಲೆ ನಿಂತವು. 1565ರಲ್ಲಿ ವಿಜಯನಗರ ಸೋತ ಮೇಲೆ ಇಲ್ಲಿಗೆ ಬಂದು ನೆಲೆಸಿದವರ ಸಂಖ್ಯೆ ಏರಿತು, ನೀರಿನ ಅಗತ್ಯವೂ ಏರಿತು. ಮೊದಲನೆಯ ಅಲಿ ಆದಿಲ್ ಶಾಹ 1579ರಲ್ಲಿ ತನ್ನ ರಾಣಿ ಚಾಂದಬೀಬಿಯ ಹೆಸರಿನಲ್ಲಿ ಚಾಂದಬಾವಡಿ ಎಂಬ ದೊಡ್ಡ ಬಾವಿ ಕಟ್ಟಿಸಿದ. ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಗಾಳಿ ಬೆಳಕಿಗೆಂದು ಬಾವಿಗಳಂತಹ ಕಿಂಡಿಗಳನ್ನು ಬಿಟ್ಟು, ಊರಿಗೆ ನೀರು ಹರಿಸಿದರು. ಇದನ್ನೇ ಕರೇಜ್ ಎನ್ನುತ್ತಾರೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲಕ್ಕೆ, 1620ರಲ್ಲಿ, ತಾಜಬಾವಡಿ ಆಯಿತು. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಎಂಬ ಕೆರೆ ಕಟ್ಟಿಸಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದ.

ಆ ಕೊಳವೆಯ ದಾರಿಯಲ್ಲಿ ನಿಂತಿರುವ ಚೌಕಾಕಾರದ ಗೋಪುರಗಳನ್ನು ನೀವು ಈಗಾಗಲೇ ಕಂಡಿರಬಹುದು. ಅವಕ್ಕೆ ಗಂಜ್ ಎಂದು ಹೆಸರು. ಎಷ್ಟೋ ಜನ ಅವನ್ನು ಕಾವಲು ಗೋಪುರಗಳೆಂದು ತಿಳಿದಿದ್ದಾರೆ. ಎತ್ತರದಿಂದ ರಭಸವಾಗಿ ಬರುವ ನೀರು ಮಣ್ಣಿನ ಕೊಳವೆಯನ್ನು ಒಡೆದು ಹಾಕದಿರಲೆಂದು, ಅಲ್ಲಲ್ಲಿ ಗೋಪುರದೊಳಗೆ ನೀರು ಮೇಲೇರುವಂತೆ ಬಿಟ್ಟು ಒತ್ತಡ ಇಳಿಸುವುದು, ಕೆಸರು ತಳದಲ್ಲಿ ಕೂರುವಂತೆ ಮಾಡುವುದು, ತಿಳಿನೀರನ್ನು ಮುಂದೆ ಕಳಿಸುವುದು ಅವುಗಳ ಕೆಲಸ. ನಾಲ್ಕನೆಯ ತರಗತಿಯ ಹುಡುಗನಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಮನೆಯ ಮಾಳಿಗೆಯ ಮೇಲಿನ ಟಾಕಿಯನ್ನು ತೋರಿಸಿ ಹೇಳಿರಿ.

ಹೀಗಾಗಿ ಒಂದು ಭಾನುವಾರ ತೊರವಿಗೆ ಹೋಗಿ ಬನ್ನಿರಿ. ಆಟೋದವರು ಬರುತ್ತಾರೆ, ದೂರವೇನಿಲ್ಲ. ಅಲ್ಲಿಯ ನರಸಿಂಹನ ಗುಡಿ ನೆಲಮಟ್ಟಕ್ಕಿಂತ ಕೆಳಗಿದೆ. ತಾಯಿಯವರು ಗಮಕ ಕೇಳುವವರಾಗಿದ್ದರೆ ಅವರಿಗೆ ಇನ್ನೂ ಹೆಚ್ಚಿನ ಸಂತೋಷವಾದೀತು. ಕುಮಾರ ವಾಲ್ಮೀಕಿ ತನ್ನ ತೊರವೆ ರಾಮಾಯಣವನ್ನು ಈ ತೊರವೆಯ ನರಹರಿಯ ಅಂಕಿತದಲ್ಲಿಯೇ ಬರೆದದ್ದು. ಮುಂದಿನ ವಾರ ಮನೆಯ ಹತ್ತಿರದ ತಾಜಬಾವಡಿ. ದೊಡ್ಡ ಕಮಾನು, ಎಡಬಲಕ್ಕೆ ಎಂಟು ಮೂಲೆಯ ಗೋಪುರಗಳು, ಅದನ್ನು ದಾಟಿದರೆ ವಿಶಾಲವಾದ ಚೌಕನೆಯ ನೀರು. ಮಧ್ಯಾಹ್ನದ ಉರಿಯಲ್ಲಿ ಆ ಕಮಾನಿನ ಕೆಳಗೆ ಒಂದು ಕ್ಷಣ ನಿಂತರೆ ಬೀಸುವ ಗಾಳಿಯ ತಂಪಿನಿಂದಲೇ ಅದನ್ನು ಯಾಕೆ ಹಾಗೆ ಕಟ್ಟಿದರೆಂಬುದು ತಿಳಿಯುತ್ತದೆ. ಬೇಗಂ ತಾಲಾಬಿಗೆ ಮಾತ್ರ ಸಂಜೆಗೆ ಹೋಗಿರಿ.

ಇಬ್ರಾಹಿಂ ರೋಜಾ ನಿಮ್ಮ ನೆರೆಯಲ್ಲಿದೆ, ಅದು ದೊಡ್ಡ ಭಾಗ್ಯ. ಒಂದು ದಿನ ಹೋಗಿ ನೋಡಿ ಮುಗಿಸಬೇಡಿರಿ. ಒಂದೇ ಕಟ್ಟೆಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿ ನಿಂತಿವೆ, ನಡುವೆ ಕೊಳ. ಸಮಾಧಿಯ ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರಗಳಾಗಿ ಕೊರೆದು ಜಾಲಂಧ್ರ ಮಾಡಿದ್ದಾರೆ. ಬೆಳಕು ಅಕ್ಷರಗಳ ನಡುವಿನ ಸಂದಿನಿಂದ ಒಳಗೆ ಬರುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಂದು ನಿಂತ ಮೇಲೆ ಒಮ್ಮೆ ಹೋಗಿರಿ. ಇದನ್ನು ಕಟ್ಟಿದ ಮಲಿಕ್ ಸಂದಲ್‌ನೇ ತಾಜಬಾವಡಿಯನ್ನೂ ಕಟ್ಟಿದವನು. ಈ ಕಟ್ಟಡದಲ್ಲಿ ಇಬ್ರಾಹಿಮನೂ ರಾಣಿ ತಾಜ್ ಸುಲ್ತಾನಾಳೂ ಮಲಗಿದ್ದಾರೆ. ಬಾವಡಿಗೂ ಅವಳದೇ ಹೆಸರು.

ಒಂದು ಮಾತು ಮರೆತಿದ್ದೆ. ತಾಯಿಯವರು ವಚನಗಳನ್ನು ಓದುವವರಾದರೆ, ಊರೂರು ತಿರುಗಿ ತಾಳೆಗರಿಗಳನ್ನು ಕೂಡಿಸಿ ವಚನಗಳನ್ನು ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರು 1904ರಿಂದ ತಮ್ಮ ಬಾಳನ್ನು ಕಳೆದದ್ದು ಇದೇ ಊರಿನಲ್ಲಿ ಎಂದು ಅವರಿಗೆ ತಿಳಿಸಿರಿ. ವಕೀಲಿ ವೃತ್ತಿಯ ಗಳಿಕೆಯನ್ನೆಲ್ಲ ಅವರು ಆ ಕೆಲಸಕ್ಕೆ ಸುರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು.


ಉತ್ತರ: ಕುಂದಾಪುರದಿಂದ ಬಂದವಳು

ಅಕ್ಕಾ, ನಾನೂ ನಿಮ್ಮ ಹಾಗೆಯೇ ಒಂದು ವರ್ಷದ ಮಟ್ಟಿಗೆಂದು ಬಂದವಳು. ಬಂದು ಹನ್ನೊಂದು ವರ್ಷವಾಯಿತು. ಸ್ಮಾರಕಗಳ ಬಗ್ಗೆ ಮಾಸ್ತರು ಹೇಳಿದ ಮೇಲೆ ನಾನು ಹೇಳುವುದು ಏನೂ ಇಲ್ಲ. ಅಡುಗೆಮನೆ, ನೆರೆಹೊರೆ ಇವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

"ಒಳಗ ಬರ್ರಿ" ಎಂಬುದು ನಿಜವಾದ ಕರೆ. ಇದನ್ನು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು, ಆ ಆರು ತಿಂಗಳ ಒಂಟಿತನವನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ನಮ್ಮ ಕಡೆ ಮೊದಲೇ ಹೇಳಿ ಹೋಗುವ ಕ್ರಮ. ಇಲ್ಲಿ ಬಾಗಿಲು ತೆರೆದಿದ್ದರೆ ಹೋದರಾಯಿತು. ಮಧ್ಯಾಹ್ನ ಮೂರೂವರೆ, ನಾಲ್ಕರ ಹೊತ್ತಿಗೆ ಕೆಲಸ ಮುಗಿಸಿದ ಹೆಂಗಸರು ಪಡಸಾಲೆಯಲ್ಲಿಯೋ ಕಟ್ಟೆಯ ಮೇಲೋ ಶೇಂಗಾ ಸುಲಿಯುತ್ತ, ಕಾಳು ಹಸನು ಮಾಡುತ್ತ ಕುಳಿತಿರುತ್ತಾರೆ. ಅಮ್ಮನನ್ನು ಆ ಹೊತ್ತಿಗೆ ಕಳಿಸಿ. ಕೈಯಲ್ಲಿ ಏನಾದರೂ ಕೆಲಸ ಹಿಡಿದುಕೊಂಡು ಹೋದರೆ ಭಾಷೆಯ ವ್ಯತ್ಯಾಸ ಅಡ್ಡಿಯಾಗುವುದಿಲ್ಲ. ಅವರನ್ನು ಇಲ್ಲಿ "ಯವ್ವಾ" ಎಂದೋ "ಆಯಿ" ಎಂದೋ ಕರೆಯುತ್ತಾರೆ, ನಿಮ್ಮನ್ನು "ಅಕ್ಕಾರ" ಎನ್ನುತ್ತಾರೆ. ಏಕವಚನ ಕಿವಿಗೆ ಬಿದ್ದರೆ ನೊಂದುಕೊಳ್ಳಬೇಡಿ. ಹತ್ತಿರದವರೆಂದು ತಿಳಿದ ಮೇಲೆ "ಏನ್ ಮಾಡಾಕತ್ತಿ ಯವ್ವಾ" ಎನ್ನುವುದು ಇಲ್ಲಿ ಪ್ರೀತಿ.

ಅನ್ನವನ್ನೇ ನಂಬಿಕೊಂಡವರಿಗೆ ಜೋಳದ ರೊಟ್ಟಿ ಮೊದಲಿಗೆ ಕಷ್ಟ. ಕಲಿಯುವವರೆಗೆ ಖಡಕ್ ರೊಟ್ಟಿ ಕೊಂಡು ತನ್ನಿ. ಮನೆಯಲ್ಲಿಯೇ ಬಡಿದು ಒಣಗಿಸಿ ಮಾರುವ ಹೆಂಗಸರು ಬಹುತೇಕ ಎಲ್ಲ ಬಡಾವಣೆಗಳಲ್ಲಿಯೂ ಇದ್ದಾರೆ, ವಾರಗಟ್ಟಲೆ ಕೆಡುವುದಿಲ್ಲ. ಬಿಸಿ ರೊಟ್ಟಿಯನ್ನು ಮಾತ್ರ ಪಕ್ಕದ ಮನೆಯವರಿಂದಲೇ ಕಲಿಯಿರಿ, ಬರೆದು ಹೇಳಿದರೆ ಬರುವುದಿಲ್ಲ. ನನಗೆ ಕಲಿಸಿದ ವೈನಿ ಮೊದಲ ದಿನ ನನಗೆ ಹಿಟ್ಟನ್ನೇ ಮುಟ್ಟಗೊಡಲಿಲ್ಲ, ನೋಡು ಎಂದರು. ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ಎಸರು ಸುರಿದರು, ಹಿಡಿಯಷ್ಟನ್ನು ಮಾತ್ರ ಮುಂದಕ್ಕೆಳೆದು ಅಂಗೈಯ ಬುಡದಿಂದ ನಾದಿದರು. ಒಣಹಿಟ್ಟಿನ ಮೇಲಿಟ್ಟು ಬಲಗೈಯಿಂದ ಬಡಿಯುತ್ತಿದ್ದಂತೆ ರೊಟ್ಟಿ ತಾನೇ ತಿರುಗುತ್ತ ಹಿಗ್ಗಿತು. ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲುಮೈ ಒರೆಸಿ ಮಗುಚಿದಾಗ ಅದು ಉಬ್ಬಿ ನಿಂತಿತು. ನನ್ನದು ಹದಿನೈದು ದಿನ ಅಂಚು ಒಡೆಯುತ್ತಲೇ ಇತ್ತು. ತಪ್ಪು ಕೈಯದಲ್ಲ, ಹಿಟ್ಟಿನದೆಂದು ಆಮೇಲೆ ತಿಳಿಯಿತು. ಅಂಗಡಿಯ ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ. ಬಿಳಿಜೋಳ ಕೊಂಡು, ವಾರಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಹಾಕಿಸಿ.

ರೊಟ್ಟಿಗೆ ಜೊತೆಯಾಗಿ ಎಣ್ಣೆಗಾಯಿ, ಹಿಟ್ಟಿನ ಪಲ್ಯ, ಮಡಿಕೆಕಾಳು, ಪುಂಡಿಪಲ್ಯ. ಇವೇನೂ ಆಗದ ದಿನ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು. ಅಮ್ಮನಿಗೆ ಪುಂಡಿಪಲ್ಯದ ಹುಳಿ ಖಂಡಿತ ಹಿಡಿಸುತ್ತದೆ. ಬೆಳಗಿನ ತಿಂಡಿಗೆ ಚುರಮುರಿ ಸುಸಲಾ ಮಾಡುವುದು ಸುಲಭ, ಮಗನಿಗೂ ಇಷ್ಟವಾದೀತು. ತರಕಾರಿಗೆ ಇಲ್ಲಿ ಕಾಯಿಪಲ್ಲೆ ಎನ್ನುತ್ತಾರೆ; ಸಂಜೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಕಡೆ ಹೋದರೆ ಹಳ್ಳಿಯಿಂದ ಬಂದವರ ಹತ್ತಿರ ತಾಜಾ ಸೊಪ್ಪು ಸಿಗುತ್ತದೆ. ಮೆಂತ್ಯೆ ಸೊಪ್ಪನ್ನು, ಹಸಿ ಉಳ್ಳಾಗಡ್ಡಿಯನ್ನು ಇಲ್ಲಿ ಹಾಗೆಯೇ ರೊಟ್ಟಿಯ ಜೊತೆ ತಿನ್ನುತ್ತಾರೆ, ನೀವೂ ತಿಂದು ನೋಡಿ.

ನೀರಿನ ಬಗ್ಗೆ ಒಂದೇ ಮಾತು. ನಿಮ್ಮ ಓಣಿಗೆ ನೀರು ಬಿಡುವ ದಿನ, ಹೊತ್ತು ಯಾವುದೆಂದು ಪಕ್ಕದವರನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕುಡಿಯುವ ನೀರು ಬೇರೆ, ಬಳಸುವ ಬೋರಿನ ನೀರು ಬೇರೆ. ಬೋರಿನ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಅದಕ್ಕೂ ಕುಡಿಯುವ ನೀರನ್ನೇ ಹಾಕಿ.


ಉತ್ತರ: ಸೈಕಲ್ ಸವಾರ

ಮೇಡಂ, ಮಾಸ್ತರ ಮಾತಿಗೆ ಒಂದು ಸೇರ್ಪಡೆ: ಗೋಳಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆ ದಿನ ತಾಯಿಯವರನ್ನು ಕರೆದುಕೊಂಡು ಹೋಗಿ ನಿರಾಶರಾಗಬೇಡಿ.

ಮಗನ ಸಲುವಾಗಿ ಮಲಿಕ್-ಎ-ಮೈದಾನ ತೋಪನ್ನು ಬೇಗ ನೋಡಿರಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕದ್ದೆಂದು ಹೇಳುತ್ತಾರೆ. ಬಾಯಿಯ ಭಾಗವನ್ನು ಆನೆಯನ್ನು ನುಂಗುತ್ತಿರುವ ಮೃಗದ ಮುಖದಂತೆ ಮಾಡಿದ್ದಾರೆ. ಬಿಸಿಲಿನಲ್ಲಿಯೂ ಅದರ ಮೈ ತಣ್ಣಗಿರುತ್ತದೆಂಬ ಮಾತಿದೆ. ಮಗನೇ ಕೈಯಿಟ್ಟು ಪರೀಕ್ಷಿಸಲಿ. ಅಲ್ಲಿಂದ ಹತ್ತಿರದಲ್ಲಿಯೇ ಉಪ್ಪಲಿ ಬುರುಜು, ಸುಮಾರು 24 ಮೀಟರ್ ಎತ್ತರ. ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಹೋಗುತ್ತದೆ, ಮಗುವಿನ ಕೈ ಬಿಡಬೇಡಿ. ಮೇಲೆ ನಿಂತರೆ ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ಇಬ್ರಾಹಿಂ ರೋಜಾ, ನಡುವೆ ಇಡೀ ಊರು ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ಬಂದವರು ಮೊದಲು ಹತ್ತಬೇಕಾದದ್ದು ಇದನ್ನೇ, ಗೋಳಗುಮ್ಮಟವನ್ನಲ್ಲ. ಊರು ಯಾವ ದಿಕ್ಕಿಗೆ ಹೇಗೆ ಹರಡಿದೆಯೆಂದು ಇಲ್ಲಿಂದ ತಿಳಿದ ಮೇಲೆ ಕೆಳಗಿನ ಓಣಿಗಳಲ್ಲಿ ದಾರಿ ತಪ್ಪುವುದಿಲ್ಲ.

ತಾಯಿಯವರಿಗೆ ಟಾಂಗಾ ಒಳ್ಳೆಯದು. ಈಗ ಕೆಲವೇ ಉಳಿದಿವೆ, ಗೋಳಗುಮ್ಮಟದ ಮುಂದೆ ಸಿಗುತ್ತವೆ. ಬಾರಾಕಮಾನ, ಗಗನಮಹಲ್ ಇವೆರಡನ್ನೂ ಹೆಚ್ಚು ನಡೆಯದೆಯೇ ನೋಡಬಹುದು. ಬಾರಾಕಮಾನ ಎರಡನೆಯ ಅಲಿ ಆದಿಲ್ ಶಾಹನ ಅರ್ಧಕ್ಕೆ ನಿಂತ ಸಮಾಧಿ. ಚಾವಣಿಯಿಲ್ಲದ ಕಮಾನುಗಳ ನಡುವೆ ಸಂಜೆಯ ಹೊತ್ತು ಕುಳಿತಿರಲು ಚೆನ್ನಾಗಿರುತ್ತದೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಅವಸರ ಬೇಡ. ಬಾದಾಮಿಯೇ 120 ಕಿಲೋಮೀಟರಿಗೂ ದೂರ, ಒಂದು ರಜೆಯಲ್ಲಿ ಹೋಗಿ ಬಂದರೆ ಮೂವರೂ ದಣಿಯುತ್ತೀರಿ. ಮೊದಲು ಬಸವನ ಬಾಗೇವಾಡಿ, ಆಮೇಲೆ ಆಲಮಟ್ಟಿ. ಆಲಮಟ್ಟಿಗೆ ರೈಲಿನಲ್ಲಿಯೇ ಹೋಗಬಹುದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಜಲಾಶಯ ತುಂಬಿರುವಾಗ ಕೃಷ್ಣೆಯನ್ನು ನೋಡಬೇಕು. ನಿಮ್ಮ ಮನೆಯ ನಲ್ಲಿಯ ನೀರೂ ಆ ಹೊಳೆಯಿಂದಲೇ ಬರುವುದೆಂದು ಮಗನಿಗೆ ಹೇಳಿರಿ.


ಪ್ರಶ್ನೆ ಕೇಳಿದವರ ಮರುಬರಹ: ತುಂಗಾತೀರದವಳು (ಸೆಪ್ಟೆಂಬರ್ ಮೂರನೆಯ ವಾರ)

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನೀವು ಹೇಳಿದ್ದನ್ನು ಮಾಡಿಯೇ ಬರೆಯೋಣವೆಂದು ಕಾದೆ.

ಆಗಸ್ಟಿನ ಒಂದು ಬುಧವಾರ ಬೆಳಗ್ಗೆ ಮತ್ತೆ ಗೋಳಗುಮ್ಮಟಕ್ಕೆ ಹೋದೆವು. ಮೊಗಸಾಲೆಯಲ್ಲಿ ನಾವಿಬ್ಬರು ಮತ್ತು ಕಸ ಗುಡಿಸುತ್ತಿದ್ದ ಒಬ್ಬರು, ಅಷ್ಟೇ ಜನ. ಕಸಬರಿಗೆಯ ಸದ್ದು ಎದುರು ಗೋಡೆಯಿಂದ ಬರುತ್ತಿದೆಯೋ ಎಂಬಂತೆ ಕೇಳಿಸುತ್ತಿತ್ತು. ಆ ಪುಣ್ಯಾತ್ಮರು ಮಗುವಿನ ಮುಖ ನೋಡಿ ಗುಡಿಸುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ನಿಂತರು. ಮಗ ಏನು ಪಿಸುಗುಟ್ಟಿದನೆಂದು ಇಲ್ಲಿ ಬರೆಯುವುದಿಲ್ಲ, ಅದು ನನಗೆ ಹೇಳಿದ್ದು. ಆಮೇಲೆ ಅವನು ಅಂಚಿಗೆ ಬಂದು "ಅಜ್ಜೀ" ಎಂದು ಒಂದೇ ಸಲ ಕರೆದ. ಕೆಳಗೆ ನಿಂತಿದ್ದ ಅಮ್ಮ ತಲೆಯೆತ್ತಿ ನೋಡಿದರು. ಕರೆ ಮರಳಿ ಮರಳಿ ಬರುತ್ತಿದ್ದಂತೆ ಅವರು ಬೆರಳು ಮಡಚಿ ಎಣಿಸುತ್ತಿದ್ದುದು ಮೇಲಿನಿಂದ ಕಾಣುತ್ತಿತ್ತು. ಐದು ಕೇಳಿಸಿತಂತೆ.

ತೊರವಿ ಅಮ್ಮನಿಗೆ ತೀರ ಹಿಡಿಸಿತು. ಅಜ್ಜಯ್ಯ ಮಳೆಗಾಲದ ರಾತ್ರಿಗಳಲ್ಲಿ ಓದಿಸುತ್ತಿದ್ದ ರಾಮಾಯಣದ ತೊರವೆಯೇ ಇದು ಎಂದು ತಿಳಿದ ಮೇಲೆ ನರಸಿಂಹನ ಎದುರು ಕುಳಿತು ನೆನಪಿದ್ದ ಭಾಮಿನಿಯ ಪದ್ಯವೊಂದನ್ನು ಮೆಲ್ಲಗೆ ಹೇಳಿದರು. ತಾಜಬಾವಡಿಗೆ ಮೂರು ಸಲ ಹೋಗಿದ್ದೇವೆ. ಮಗ ಶಾಲೆಯ ಪುಸ್ತಕದ ಹಿಂಬದಿಯಲ್ಲಿ ತೊರವಿಯಿಂದ ನಮ್ಮ ನಲ್ಲಿಯವರೆಗೆ ನೀರಿನ ನಕ್ಷೆಯೊಂದನ್ನು ಬರೆದು, ದಾರಿಯಲ್ಲಿ ಕಂಡ ಗಂಜ್‌ಗಳನ್ನೆಲ್ಲ ಅದರಲ್ಲಿ ಗುರುತಿಸುತ್ತಿದ್ದಾನೆ. ಇಲ್ಲಿಯವರೆಗೆ ನಾಲ್ಕು ಆಗಿವೆ. ತೀರ್ಥಹಳ್ಳಿಯಲ್ಲಿ ನೀರು ಎಲ್ಲಿಂದ ಬರುತ್ತದೆಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಅಮ್ಮ ಈಗ ನಾಲ್ಕು ಗಂಟೆಯಾಯಿತೆಂದರೆ ಪಕ್ಕದ ಮನೆಯ ಕಟ್ಟೆಯ ಮೇಲೆ ಇರುತ್ತಾರೆ. ಅಮ್ಮ ಆ ಮನೆಯವರಿಗೆ ನಮ್ಮ ಕಡೆಯ ಕಡುಬು, ಕೆಸುವಿನ ಪತ್ರೊಡೆ ಕಲಿಸಿಕೊಟ್ಟರು. ಅಮ್ಮನಿಗೆ ಈಗ ಇಲ್ಲಿಯ ಸಿಹಿಯಾದ ಮಾದಲಿ ಮಾಡುವುದು ಬಂದಿದೆ. ನನ್ನ ರೊಟ್ಟಿಯ ಅಂಚು ಇನ್ನೂ ಒಡೆಯುತ್ತದೆ, ಗಿರಣಿಯ ಹಿಟ್ಟಿಗೆ ಬದಲಾದ ಮೇಲೆ ಮೊದಲಿಗಿಂತ ಕಡಿಮೆ.

ಉಳಿದಿರುವ ಪ್ರಶ್ನೆ ಒಂದೇ. ಖಾಲಿ ಹೊಲಗಳ ಬಗ್ಗೆ ಯಾರೂ ಹೇಳಲಿಲ್ಲ. ಅಮ್ಮ ಈಗಲೂ ಕೇಳುತ್ತಿದ್ದಾರೆ.


ಉತ್ತರ: ಡೋಣಿ ದಂಡೆಯ ರೈತ

ಅಕ್ಕಾರ, ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿರಿ. ಹೊಲ ಖಾಲಿ ಬಿದ್ದಿಲ್ಲ, ನೀರು ಕುಡಿಯುತ್ತಿದೆ.

ನಮ್ಮದು ಎರೆಭೂಮಿ. ಆಳವಾದ ಕರಿಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮುಂಗಾರಿನ ಮಳೆ ಬಿದ್ದಾಗ ಆ ಬಿರುಕುಗಳಿಂದ ನೀರು ಒಳಕ್ಕೆ ಇಳಿಯುತ್ತದೆ. ತೊಗರಿ, ಸಜ್ಜೆ, ಹೆಸರು ಮುಂಗಾರಿಗೆ ಬಿತ್ತುವ ಹೊಲಗಳು ಬೇರೆ. ಜೋಳದ ಹೊಲದಲ್ಲಿ ಮಾತ್ರ ಮಳೆಗಾಲವಿಡೀ ಏನನ್ನೂ ಬಿತ್ತದೆ, ಮಳೆ ನಿಂತು ಮಣ್ಣು ಹದಕ್ಕೆ ಬಂದಾಗಲೆಲ್ಲ ಕುಂಟೆ ಹೊಡೆದು ಹರಗುತ್ತೇವೆ. ಹೀಗೆ ಮೇಲ್ಮಣ್ಣು ಪುಡಿಯಾಗಿ ಮುಚ್ಚಿಕೊಂಡರೆ ಕಸವೂ ಏಳುವುದಿಲ್ಲ, ಒಳಗಿಳಿದ ಹಸಿಯೂ ಆರಿ ಹೋಗುವುದಿಲ್ಲ. ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ, ಅಂದರೆ ನೀವು ಬರೆದ ಈ ವಾರದಿಂದ ಅಕ್ಟೋಬರ್ ನಡುವಿನವರೆಗೆ, ಕೂರಿಗೆಯಿಂದ ಬಿಳಿಜೋಳ ಬಿತ್ತುತ್ತೇವೆ. ಆಮೇಲೆ ಮಳೆ ಬರದಿದ್ದರೂ ಕೂಡಿಟ್ಟ ಹಸಿಯ ಮೇಲೆ, ಚಳಿಯಲ್ಲಿ, ಇಬ್ಬನಿಯಲ್ಲಿ ಬೆಳೆ ಬರುತ್ತದೆ. ಮಾಸ್ತರು ಬಾವಡಿಗಳ ಬಗ್ಗೆ ಹೇಳಿದರಲ್ಲ, ನಮಗೆ ಹೊಲವೇ ಬಾವಡಿ. ನಮ್ಮ ಡೋಣಿ ಹೊಳೆಯ ನೀರು ಉಪ್ಪಾದ್ದರಿಂದ ಹೊಲಕ್ಕೆ ಬರುವುದಿಲ್ಲ, ಆದರೆ ಅದರ ದಂಡೆಯ ಮಣ್ಣಿಗೆ ಸಮನಾದ ಮಣ್ಣು ಬೇರೆ ಎಲ್ಲಿಯೂ ಇಲ್ಲ. "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಬಿತ್ತುವುದನ್ನು ತಾಯಿಯವರು ನೋಡಲಿ. ಡಿಸೆಂಬರ್ ಇಲ್ಲವೆ ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಗೆ ಮತ್ತೊಮ್ಮೆ ಬರಬೇಕು. ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದು, ಭೂತಾಯಿಯನ್ನು ಪೂಜಿಸಿ, ಬೆಳೆಯ ಮೇಲೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುತ್ತೇವೆ. ಸಜ್ಜೆಯ ಕಡಬು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಎಲ್ಲ ಇರುತ್ತವೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಬಡಿಸುತ್ತೇವೆ. ಸಂಕ್ರಮಣಕ್ಕೆ ಊರಿನಲ್ಲಿ ಸಿದ್ಧೇಶ್ವರ ಜಾತ್ರೆ, ಜೊತೆಗೆ ದನಗಳ ಜಾತ್ರೆ. ಅದನ್ನು ಮಗನಿಗೆ ತಪ್ಪಿಸಬೇಡಿರಿ. ಅದಾದ ಮೇಲೆ ಸೀತನಿ ಬರುತ್ತದೆ. ಹಾಲುದುಂಬಿದ ಜೋಳದ ತೆನೆಯನ್ನು ಹೊಲದಲ್ಲಿಯೇ ಕೆಂಡದ ಮೇಲೆ ಸುಟ್ಟು, ಬಿಸಿಯಿರುವಾಗಲೇ ಉಜ್ಜಿ ಕಾಳು ಬಿಡಿಸಿ, ಬೆಲ್ಲದ ಜೊತೆಗೋ ಶೇಂಗಾ ಚಟ್ನಿಯ ಜೊತೆಗೋ ತಿನ್ನುತ್ತೇವೆ. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಪೇಟೆಗೆ ಬರುವಷ್ಟರಲ್ಲಿ ಅದರ ಸವಿ ಹೋಗಿರುತ್ತದೆ.

ರಸ್ತೆಯಿಂದ ಹೊಲದವರೆಗೆ ಬಂಡಿ ಬರುತ್ತದೆ, ತಾಯಿಯವರು ನಡೆಯಬೇಕಿಲ್ಲ. ಎರೆಮಣ್ಣು ಹಸಿಯಿದ್ದಾಗ ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತದೆ. ಆದ್ದರಿಂದ ಬಿತ್ತಿಗೆ ನೋಡಲು ಬರುವುದಾದರೆ ಮಳೆಯಾಗಿ ಎರಡು ದಿನ ಬಿಸಿಲು ಬಿದ್ದ ಮೇಲೆ, ಬೆಳಗ್ಗೆ ಎಂಟರೊಳಗೆ ಹೊರಡಿರಿ.